ಕೆಲವರಿಗೆ ಸರ್ವರ್ ಸಿಗುತ್ತದೆ, ಕೆಲವರಿಗೆ ಇಲ್ಲ: ವಿಂಡೋಸ್, ಲಿನಕ್ಸ್ ಎರಡೂ ಇರುವ ಕಡೆ ದೋಷ ಹುಡುಕುವುದು ಹೇಗೆ

‘ಸಾರ್, ಸರ್ವರ್ ಡೌನ್’ ಎಂದು ಫೋನ್ ಬಂದರೆ ನಾವು ವಾಪಸ್ ಕೇಳಬೇಕಾದ ಮೊದಲ ಪ್ರಶ್ನೆ: ಎಲ್ಲರಿಗೂನಾ, ಕೆಲವರಿಗಾ? ಎಲ್ಲರಿಗೂ ಅಂದರೆ ಬದುಕಿದೆವು. ಕರೆಂಟ್, ಯುಪಿಎಸ್, ಸ್ವಿಚ್, ಡಿಸ್ಕ್, ಇವುಗಳಲ್ಲಿ ಯಾವುದೋ ಒಂದು ಕೈಕೊಟ್ಟಿರುತ್ತದೆ. ಕೆಲವರಿಗೆ ಮಾತ್ರ ಅಂದರೆ ಸರ್ವರ್ ಚೆನ್ನಾಗಿಯೇ ಇದೆ, ಅದಕ್ಕೆ ಹೋಗುವ ದಾರಿಯಲ್ಲಿ ಏನೋ ಎಡವಟ್ಟಾಗಿದೆ. ಈ ಬರಹ ಆ ಎರಡನೇ ಥರದ ದೋಷದ ಬಗ್ಗೆ.

ಉದಾಹರಣೆಗೆ ಕೋಲಾರ ತಾಲ್ಲೂಕಿನ ನರಸಾಪುರ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಬಿಡಿಭಾಗ ಘಟಕವನ್ನು ತೆಗೆದುಕೊಳ್ಳುತ್ತೇನೆ. ನಮ್ಮ ಕಡೆಯ ಹೆಚ್ಚಿನ ಘಟಕಗಳಲ್ಲಿ ಏರ್ಪಾಡು ಹೀಗೇ ಇರುತ್ತದೆ. ಒಂದು ವಿಂಡೋಸ್ ಸರ್ವರ್, ಅದರಲ್ಲೇ ಆಕ್ಟಿವ್ ಡೈರೆಕ್ಟರಿ (ಬಳಕೆದಾರರ, ಮಷೀನುಗಳ ಪಟ್ಟಿ), ಡಿಎನ್‌ಎಸ್ (ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವುದು), ಡಿಎಚ್‌ಸಿಪಿ (ಮಷೀನುಗಳಿಗೆ ಐಪಿ ವಿಳಾಸ ಹಂಚುವುದು) ಎಲ್ಲ. ಪಕ್ಕದಲ್ಲಿ ಒಂದು ಲಿನಕ್ಸ್ ಡಬ್ಬ, ಅದರಲ್ಲಿ ಸಾಂಬಾ (ಲಿನಕ್ಸ್‌ನಿಂದ ವಿಂಡೋಸ್‌ನವರಿಗೂ ಫೋಲ್ಡರ್ ಹಂಚುವ ತಂತ್ರಾಂಶ) ಹಾಕಿ ಫೈಲ್ ಹಂಚಿಕೆ. ಅಕೌಂಟ್ಸ್, ಸ್ಟೋರ್ಸ್‌ನವರಿಗೆ ವಿಂಡೋಸ್. ಕ್ವಾಲಿಟಿ ವಿಭಾಗದಲ್ಲಿ ಲಿನಕ್ಸ್. ಮೂಲೆಯಲ್ಲಿ ಒಂದು ಹಳೇ ಸ್ಕ್ಯಾನರ್ ಕಮ್ ಪ್ರಿಂಟರ್.

ದೂರು ಹೀಗಿತ್ತು. ಇಂಟರ್‌ನೆಟ್ ಎಲ್ಲರಿಗೂ ಬರುತ್ತದೆ. ಲ್ಯಾಪ್‌ಟಾಪ್‌ನವರಿಗೆ ಹಂಚಿದ ಫೋಲ್ಡರ್ ತೆರೆಯುವುದಿಲ್ಲ, ಡೆಸ್ಕ್‌ಟಾಪ್‌ನವರಿಗೆ ತೆರೆಯುತ್ತದೆ. ದಿನ ಕಳೆದ ಹಾಗೆ ಡೆಸ್ಕ್‌ಟಾಪ್‌ಗಳೂ ಒಂದೊಂದಾಗಿ ಉದುರುತ್ತಿವೆ. ಕ್ವಾಲಿಟಿಯವರಿಗೆ ಮೊದಲಿಂದಲೂ ಇಲ್ಲ. ಸ್ಟೋರ್ಸ್‌ನ ಒಬ್ಬರು ಹೇಳಿದ್ದು: ‘ಬೆಳಿಗ್ಗೆ ಚೆನ್ನಾಗೇ ಬಂತು ಸಾರ್, ಊಟ ಆದ್ಮೇಲೆ ಹೋಯ್ತು.’ ಇಂಥ ಮಾತನ್ನು ತಳ್ಳಿಹಾಕಬೇಡಿ, ಹಾಗೇ ಬರೆದಿಟ್ಟುಕೊಳ್ಳಿ. ಮುಂದೆ ಅದು ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ.

ದೋಷ ತೋರಿಸುವ ಕಡೆಯಿಂದ ಶುರು ಮಾಡಬೇಡಿ

ಫೋಲ್ಡರ್ ತೆರೆಯುತ್ತಿಲ್ಲ ಎಂದರೆ ಜನ ಸೀದಾ ಸಾಂಬಾ ಸೆಟ್ಟಿಂಗ್ ತೆರೆದು ಕೂರುತ್ತಾರೆ. ಇದು ಕೆಳಗಿಂದ ಮೇಲೆ ಹೋಗಬೇಕಾದ ಕೆಲಸ. ಮೊದಲು ವಿಳಾಸ, ಆಮೇಲೆ ಹೆಸರು, ಆಮೇಲೆ ಸಮಯ, ಆಮೇಲೆ ಟಿಕೆಟ್ (ಒಳಗೆ ಬಿಡಿಸಿಕೊಳ್ಳಲು ಮಷೀನು ತೋರಿಸುವ ಗುರುತಿನ ಚೀಟಿ), ಆಮೇಲೆ ಡೈರೆಕ್ಟರಿ. ಫೈಲ್ ಎಲ್ಲಕ್ಕಿಂತ ಕೊನೆಗೆ. ಕೆಳಗಿನದು ಕೆಟ್ಟರೆ ಮೇಲಿನದೆಲ್ಲ ಕೆಟ್ಟ ಹಾಗೇ ಕಾಣುತ್ತದೆ.

ಇಲ್ಲಿ ನಮಗೊಂದು ಅನುಕೂಲ ಇದೆ. ವಿಂಡೋಸ್ ಸರ್ವರ್ ಮೈಕ್ರೋಸಾಫ್ಟ್‌ನದು ನಿಜ. ಆದರೆ ಅದರೊಳಗಿನ ಡಿಎನ್‌ಎಸ್, ಡಿಎಚ್‌ಸಿಪಿ, ಎಲ್‌ಡಿಎಪಿ (ಡೈರೆಕ್ಟರಿಯನ್ನು ಕೇಳುವ ಭಾಷೆ), ಕೆರ್ಬೆರೋಸ್ (ಟಿಕೆಟ್ ಕೊಟ್ಟು ಗುರುತು ಒಪ್ಪುವ ಕ್ರಮ), ಎನ್‌ಟಿಪಿ (ಗಡಿಯಾರ ಹೊಂದಿಸುವ ಕ್ರಮ) ಯಾರ ಸ್ವಂತದ್ದೂ ಅಲ್ಲ. ಎಲ್ಲ ಆರ್‌ಎಫ್‌ಸಿ (ಇಂಟರ್‌ನೆಟ್ ಮಾನದಂಡಗಳ ದಾಖಲೆ) ರೂಪದಲ್ಲಿ ಬಹಿರಂಗವಾಗಿ ಬರೆದಿಟ್ಟ ಮಾನದಂಡಗಳು. ಹಾಗಾಗಿ ಒಂದು ಲಿನಕ್ಸ್ ಲ್ಯಾಪ್‌ಟಾಪ್ ಇಟ್ಟುಕೊಂಡು ಪ್ರತಿಯೊಂದು ಸೇವೆಯನ್ನೂ ಬೇರೆ ಬೇರೆಯಾಗಿ, ಅದರ ಭಾಷೆಯಲ್ಲೇ ಮಾತಾಡಿಸಬಹುದು. ಸರ್ವರ್‌ನ ಅಡ್ಮಿನ್ ಪಾಸ್‌ವರ್ಡ್ ಕೂಡ ಅರ್ಧ ಕೆಲಸಕ್ಕೆ ಬೇಕಾಗಿಲ್ಲ. ಇದರ ಇನ್ನೊಂದು ಮುಖವೂ ಇದೆ: ಮಾನದಂಡ ಎಲ್ಲರದ್ದು ಅಂದಮೇಲೆ ಯಾರು ಬೇಕಾದರೂ ಉತ್ತರ ಕೊಡಬಹುದು. ಕೊಡಬಾರದವರೂ ಕೊಡಬಹುದು. ನರಸಾಪುರದಲ್ಲಿ ಆಗಿದ್ದು ಅದೇ.

(ಕಮಾಂಡ್‌ಗಳ ಹೆಸರನ್ನು ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ.)

ವಿಳಾಸ ಕೊಟ್ಟವರು ಯಾರು?

ಕೆಟ್ಟಿರುವ ಒಂದು ಮಷೀನು, ಚೆನ್ನಾಗಿರುವ ಒಂದು ಮಷೀನು, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ವಿಂಡೋಸ್‌ನಲ್ಲಿ ‘ಐಪಿಕಾನ್ಫಿಗ್ ಆಲ್’ ಕೊಟ್ಟರೆ ಡಿಎಚ್‌ಸಿಪಿ ಸರ್ವರ್ ಎಂಬ ಸಾಲು ಬರುತ್ತದೆ. ಹೆಚ್ಚಿನವರು ಐಪಿ ನೋಡಿ ಸುಮ್ಮನಾಗುತ್ತಾರೆ. ನೋಡಬೇಕಾದ್ದು ಈ ಸಾಲು ಮತ್ತು ಡಿಎನ್‌ಎಸ್ ಸರ್ವರ್ ಸಾಲು. ಲಿನಕ್ಸ್‌ನಲ್ಲಿ ನೆಟ್‌ವರ್ಕ್ ಮ್ಯಾನೇಜರ್ ಇದ್ದರೆ ‘ಎನ್‌ಎಂಸಿಎಲ್‌ಐ’ಯಿಂದ ಲೀಸ್ (ಇಷ್ಟು ದಿನಕ್ಕೆ ಎಂದು ಸಿಕ್ಕ ವಿಳಾಸ) ವಿವರ ತೆಗೆಯಿರಿ. ಅದರಲ್ಲಿ ಸರ್ವರ್ ಗುರುತು 54ನೇ ಆಪ್ಷನ್, ಡಿಎನ್‌ಎಸ್ 6ನೇ ಆಪ್ಷನ್.

ಚೆನ್ನಾಗಿದ್ದ ಮಷೀನಿನಲ್ಲಿ ಡಿಎಚ್‌ಸಿಪಿ ಸರ್ವರ್ ಅಂದರೆ ವಿಂಡೋಸ್ ಸರ್ವರ್. ಕೆಟ್ಟ ಮಷೀನಿನಲ್ಲಿ ಇಂಟರ್‌ನೆಟ್ ರೂಟರ್! ಕನೆಕ್ಷನ್ ಬದಲಾಯಿಸುವಾಗ ಹೊಸ ರೂಟರ್ ಬಂದಿತ್ತು. ಅದರಲ್ಲಿ ಡಿಎಚ್‌ಸಿಪಿ ಆನ್ ಆಗಿಯೇ ಬರುತ್ತದೆ, ಆಫ್ ಮಾಡುವ ಗೋಜಿಗೆ ಯಾರೂ ಹೋಗಿರಲಿಲ್ಲ. ಅದು ಕೊಡುವ ವಿಳಾಸಗಳೂ ಆಫೀಸಿನ ಸರಣಿಯವೇ. ಹಾಗಾಗಿ ಇಂಟರ್‌ನೆಟ್ ನಡೆಯುತ್ತಿತ್ತು, ಯಾರಿಗೂ ಅನುಮಾನ ಬರಲಿಲ್ಲ.

ಆಕ್ಟಿವ್ ಡೈರೆಕ್ಟರಿಯಲ್ಲಿ ಡಿಎಚ್‌ಸಿಪಿ ಸರ್ವರ್‌ಗೆ ‘ಅಧಿಕಾರ’ ಕೊಡುವ ಒಂದು ಕ್ರಮ ಇದೆ. ಡೊಮೇನ್‌ಗೆ (ಆಕ್ಟಿವ್ ಡೈರೆಕ್ಟರಿ ನೋಡಿಕೊಳ್ಳುವ ಮಷೀನುಗಳ ಗುಂಪಿಗೆ) ಸೇರಿದ ವಿಂಡೋಸ್ ಸರ್ವರ್ ಆ ಒಪ್ಪಿಗೆ ಇಲ್ಲದೆ ವಿಳಾಸ ಹಂಚುವುದಿಲ್ಲ. ಆದರೆ ಆ ಕ್ರಮ ಮೈಕ್ರೋಸಾಫ್ಟ್‌ನ ಸ್ವಂತದ್ದು. 1997ರ ಆರ್‌ಎಫ್‌ಸಿ 2131ರಲ್ಲಿ ಅಂಥದ್ದೇನೂ ಇಲ್ಲ. ಕ್ಲೈಂಟ್ ಜಾಲಕ್ಕೆಲ್ಲ ಕೇಳುವ ಹಾಗೆ ಕೂಗುತ್ತದೆ, ಸಾಮಾನ್ಯವಾಗಿ ಮೊದಲು ಓಗೊಟ್ಟವರನ್ನು ಹಿಡಿದುಕೊಳ್ಳುತ್ತದೆ. ರೂಟರ್‌ಗೆ ಡೈರೆಕ್ಟರಿಯ ಒಪ್ಪಿಗೆ ಯಾತಕ್ಕೆ ಬೇಕು ಹೇಳಿ?

ಎಲ್ಲರಿಗೂ ಒಟ್ಟಿಗೆ ಕೆಡದೆ ಲ್ಯಾಪ್‌ಟಾಪ್‌ನವರಿಗೇ ಮೊದಲು ಯಾಕೆ ಕೆಟ್ಟಿತು? ವಿಂಡೋಸ್ ಡಿಎಚ್‌ಸಿಪಿಯಲ್ಲಿ ಲೀಸ್ ಅವಧಿ ಮೊದಲಿಂದ 8 ದಿನ ಎಂದಿರುತ್ತದೆ. ಅರ್ಧ ಅವಧಿ ಕಳೆದಾಗ ಮಷೀನು ತನಗೆ ವಿಳಾಸ ಕೊಟ್ಟ ಸರ್ವರ್ ಬಳಿಗೇ ನೇರವಾಗಿ ಹೋಗಿ ನವೀಕರಿಸುತ್ತದೆ. ಆಫ್ ಆಗದೆ ಓಡುವ ಡೆಸ್ಕ್‌ಟಾಪ್‌ಗಳು ಹೀಗೆ ಹಳೇ ಸರ್ವರ್ ಜೊತೆಗೇ ಉಳಿದವು. ಮನೆಗೆ ಹೋಗಿ ಬರುವ ಲ್ಯಾಪ್‌ಟಾಪ್ ಮತ್ತೆ ಮತ್ತೆ ಕೂಗಬೇಕು, ಆಗ ರೂಟರ್ ಕೈಗೆ ಸಿಕ್ಕಿಬೀಳುತ್ತದೆ. ರೀಸ್ಟಾರ್ಟ್ ಆದ ಡೆಸ್ಕ್‌ಟಾಪ್‌ಗೂ ಅದೇ ಗತಿ. ‘ರೀಸ್ಟಾರ್ಟ್ ಮಾಡಿ ನೋಡಿ’ ಎಂಬ ಸಲಹೆಯೇ ಇಲ್ಲಿ ರೋಗ ಹರಡುತ್ತಿತ್ತು.

ರೂಟರ್‌ನಲ್ಲಿ ಡಿಎಚ್‌ಸಿಪಿ ಆಫ್ ಮಾಡಿ. ಮಾಡಿದ ತಕ್ಷಣ ಸರಿಹೋಗುವುದಿಲ್ಲ. ಕೆಟ್ಟ ಲೀಸ್ ಹಿಡಿದುಕೊಂಡ ಮಷೀನುಗಳಲ್ಲಿ ರಿಲೀಸ್, ರಿನ್ಯೂ ಮಾಡಿಸಬೇಕು. ಒಂದೇ ವಿಳಾಸ ಎರಡು ಮಷೀನಿಗೆ ಹೋಗಿದೆಯೇ ಎಂದೂ ನೋಡಿ. ಸ್ವಿಚ್‌ನಲ್ಲಿ ಡಿಎಚ್‌ಸಿಪಿ ಸ್ನೂಪಿಂಗ್ ಇದ್ದರೆ ಆನ್ ಮಾಡಿ, ಸರ್ವರ್ ಇರುವ ಪೋರ್ಟ್ ಒಂದನ್ನೇ ನಂಬುವ ಹಾಗೆ ಹೇಳಿ. ಅಪರಿಚಿತ ಡಿಎಚ್‌ಸಿಪಿ ಸರ್ವರ್ ಯಾವುದು ಎಂದೇ ತಿಳಿಯದಿದ್ದರೆ ಅದರ ಐಪಿಯನ್ನು ಎಆರ್‌ಪಿ ಪಟ್ಟಿಯಲ್ಲಿ (ಯಾವ ಐಪಿ ಯಾವ ಮ್ಯಾಕ್, ಅಂದರೆ ಯಂತ್ರಾಂಶ ವಿಳಾಸದ್ದು ಎಂಬ ಪಟ್ಟಿ) ಹುಡುಕಿ. ಮ್ಯಾಕ್ ವಿಳಾಸದ ಮೊದಲ ಮೂರು ಬೈಟ್ ನೋಡಿದರೆ ಡಬ್ಬ ಮಾಡಿದ ಕಂಪನಿ ಗೊತ್ತಾಗುತ್ತದೆ.

ಹೆಸರು

ರೂಟರ್ ಕೊಟ್ಟ ಡಿಎನ್‌ಎಸ್ ಹೊರಗಿನದು. ಆಫೀಸಿನ ಡೊಮೇನ್ ಹೆಸರು ಅದಕ್ಕೆ ಗೊತ್ತೇ ಇಲ್ಲ. ಪರೀಕ್ಷಿಸುವುದು ಸುಲಭ. ‘ಡಿಗ್’ನಿಂದ ಒಂದೇ ಪ್ರಶ್ನೆಯನ್ನು ಎರಡು ಸಲ ಕೇಳಿ. ಒಮ್ಮೆ ಡೊಮೇನ್ ಕಂಟ್ರೋಲರ್ (ಡೊಮೇನ್ ನಡೆಸುವ ಆ ವಿಂಡೋಸ್ ಸರ್ವರ್) ಐಪಿಯನ್ನು ಹೆಸರಿಸಿ ಅದನ್ನೇ ಕೇಳಿ, ಇನ್ನೊಮ್ಮೆ ಯಾರನ್ನೂ ಹೆಸರಿಸದೆ ಕೇಳಿ. ಮೊದಲನೆಯದಕ್ಕೆ ಉತ್ತರ ಬಂದು ಎರಡನೆಯದಕ್ಕೆ ಬರಲಿಲ್ಲ ಅಂದರೆ ಡಿಎನ್‌ಎಸ್ ಸರ್ವರ್ ಕೆಟ್ಟಿಲ್ಲ, ಮಷೀನು ತಪ್ಪು ಬಾಗಿಲು ತಟ್ಟುತ್ತಿದೆ.

ಬರೀ ಸರ್ವರ್ ಹೆಸರು ಕೇಳಿದರೆ ಸಾಲದು. ಡೊಮೇನ್ ಕಂಟ್ರೋಲರ್ ಎಲ್ಲಿದೆ ಎಂದು ಕ್ಲೈಂಟ್‌ಗೆ ತಿಳಿಯುವುದು ಎಸ್‌ಆರ್‌ವಿ ದಾಖಲೆಯಿಂದ. ಇದರ ಮಾನದಂಡ 2000ದ ಆರ್‌ಎಫ್‌ಸಿ 2782ರಲ್ಲಿದೆ. ಎಲ್‌ಡಿಎಪಿಗೆ ಒಂದು, ಕೆರ್ಬೆರೋಸ್‌ಗೆ ಒಂದು, ಹೀಗೆ ಅಂಡರ್‌ಸ್ಕೋರ್‌ನಿಂದ ಶುರುವಾಗುವ ಹೆಸರುಗಳು ಇರುತ್ತವೆ. ಅವು ಬರುತ್ತವೆಯೇ, ಬಂದರೆ 389 ಮತ್ತು 88 ಪೋರ್ಟ್ ತೋರಿಸುತ್ತವೆಯೇ ನೋಡಿ.

ಇಲ್ಲೇ ಒಂದು ಮಾತು. ‘ಮೊದಲನೇ ಡಿಎನ್‌ಎಸ್ ನಮ್ಮದು, ಎರಡನೇದು ಗೂಗಲ್ 8.8.8.8, ಸೇಫ್ಟಿಗೆ’ ಎಂದು ಹಾಕುವವರು ಜಾಸ್ತಿ. ಇದು ಸೇಫ್ಟಿ ಅಲ್ಲ. ಮೊದಲನೆಯದು ಒಂದು ಕ್ಷಣ ತಡಮಾಡಿದರೆ ಕ್ಲೈಂಟ್ ಎರಡನೆಯದನ್ನು ಕೇಳುತ್ತದೆ. ಅದು ‘ಆ ಹೆಸರೇ ಇಲ್ಲ’ ಎನ್ನುತ್ತದೆ. ಕ್ಲೈಂಟ್ ಅದನ್ನೇ ಅಂತಿಮ ಉತ್ತರ ಎಂದು ನಂಬುತ್ತದೆ, ಮತ್ತೆ ಮೊದಲನೆಯದನ್ನು ಕೇಳುವುದಿಲ್ಲ. ಒಳಗಿನ ಮಷೀನುಗಳಿಗೆ ಒಳಗಿನ ಡಿಎನ್‌ಎಸ್ ಮಾತ್ರ ಕೊಡಿ. ಹೊರಗಿನದನ್ನು ಕೇಳುವ ಕೆಲಸ ಸರ್ವರ್‌ನ ಫಾರ್ವರ್ಡರ್‌ಗೆ ಬಿಡಿ.

ಚಿಕ್ಕ ಹೆಸರು ಹಾಕಿದರೆ ತೆರೆಯುತ್ತದೆ, ಪೂರ್ತಿ ಹೆಸರು ಹಾಕಿದರೆ ಇಲ್ಲ ಎಂದು ಕೆಲವರು ಹೇಳುತ್ತಾರೆ. ಆಶ್ಚರ್ಯ ಏನಿಲ್ಲ. ಡಿಎನ್‌ಎಸ್ ಕೈಬಿಟ್ಟಾಗ ವಿಂಡೋಸ್ ಅದೇ ಜಾಲದೊಳಗೆ ಬೇರೆ ರೀತಿಯಲ್ಲಿ ಕೂಗಿ ಹೆಸರು ಹುಡುಕಿಕೊಳ್ಳುತ್ತದೆ. ಐಪಿ ಹಾಕಿದರೆ ತೆರೆಯುವುದೂ ಒಳ್ಳೆಯ ಸುಳಿವು. ಐಪಿ ಹಾಕಿದಾಗ ಸಾಮಾನ್ಯವಾಗಿ ಕೆರ್ಬೆರೋಸ್ ಬಿಟ್ಟು ಎನ್‌ಟಿಎಲ್‌ಎಂ ಎಂಬ ಹಳೆಯ ಗುರುತು ಪರೀಕ್ಷೆಯ ದಾರಿ ಹಿಡಿಯುತ್ತದೆ. ಅಂದರೆ ಫೈಲ್ ಹಂಚಿಕೆ ಸರಿ ಇದೆ, ತೊಂದರೆ ಹೆಸರು, ಸಮಯ, ಟಿಕೆಟ್ ಈ ಮೂರರಲ್ಲಿದೆ. ಸುಳಿವು ಸಿಕ್ಕಿತೆಂದು ಎಲ್ಲರಿಗೂ ಐಪಿ ಶಾರ್ಟ್‌ಕಟ್ ಮಾಡಿಕೊಟ್ಟು ಬರಬೇಡಿ. 2024ರ ಜೂನ್‌ನಲ್ಲಿ ಮೈಕ್ರೋಸಾಫ್ಟ್ ಎನ್‌ಟಿಎಲ್‌ಎಂ ಅನ್ನು ಕೈಬಿಡುವ ಪಟ್ಟಿಗೆ ಸೇರಿಸಿದೆ. ಇವತ್ತಿನ ಜುಗಾಡು ನಾಳೆ ಮತ್ತೆ ಫೋನ್ ತರುತ್ತದೆ.

ಡೊಮೇನ್ ಹೆಸರು ‘ಡಾಟ್ ಲೋಕಲ್’ ಎಂದು ಮುಗಿಯುವ ಆಫೀಸುಗಳಲ್ಲಿ ಇನ್ನೊಂದು ಕಿರಿಕಿರಿ. ಒಂದು ಕಾಲದಲ್ಲಿ ಮೈಕ್ರೋಸಾಫ್ಟ್‌ನ ಸ್ಮಾಲ್ ಬಿಸಿನೆಸ್ ಸರ್ವರ್ ತಾನಾಗಿಯೇ ಹಾಗೆ ಹೆಸರಿಡುತ್ತಿತ್ತು. 2013ರಲ್ಲಿ ಬಂದ ಆರ್‌ಎಫ್‌ಸಿ 6762 ‘ಲೋಕಲ್’ ಅನ್ನು ಎಂಡಿಎನ್‌ಎಸ್‌ಗೆ (ಸರ್ವರ್ ಇಲ್ಲದೆ ಜಾಲದೊಳಗೇ ಕೂಗಿ ಹೆಸರು ಹುಡುಕುವ ಕ್ರಮಕ್ಕೆ) ಮೀಸಲಿಟ್ಟಿತು. ಪರಿಣಾಮ ಲಿನಕ್ಸ್ ಮಷೀನಿನಲ್ಲಿ ಕಾಣುತ್ತದೆ: ‘ಡಿಗ್’ ಉತ್ತರ ಕೊಡುತ್ತದೆ, ‘ಪಿಂಗ್’ ಹೆಸರೇ ಗೊತ್ತಿಲ್ಲ ಎನ್ನುತ್ತದೆ. ಕಾರಣ ‘ಎನ್‌ಎಸ್‌ಸ್ವಿಚ್’ ಫೈಲಿನ ಹೋಸ್ಟ್ಸ್ ಸಾಲಿನಲ್ಲಿ ಎಂಡಿಎನ್‌ಎಸ್ ಮೊದಲು ಕೂತಿರುತ್ತದೆ, ಸಿಗದಿದ್ದರೆ ಅಲ್ಲೇ ನಿಲ್ಲು ಎಂದು ಬರೆದಿರುತ್ತದೆ. ಡಿಎನ್‌ಎಸ್ ಅನ್ನು ಅದರ ಮುಂದಕ್ಕೆ ತನ್ನಿ.

ಸಮಯ: ಇಲ್ಲಿ ಸ್ವಲ್ಪ ನಿಲ್ಲಬೇಕು

ವಿಳಾಸ, ಹೆಸರು ಸರಿಮಾಡಿದ ಮೇಲೂ ಕ್ವಾಲಿಟಿಯವರಿಗೆ ಫೋಲ್ಡರ್ ತೆರೆಯಲಿಲ್ಲ. ಒಂದೇ ಸಲಕ್ಕೆ ಎರಡು ದೋಷ ಇರಬಹುದು ಎಂಬುದನ್ನು ನಾವು ಮರೆತುಬಿಡುತ್ತೇವೆ, ಅಲ್ವಾ? ಮೊದಲ ದೋಷ ಸರಿಮಾಡಿದ್ದೇ ತಪ್ಪೇನೋ ಎಂದು ಅದನ್ನು ವಾಪಸ್ ತಿರುಗಿಸಲು ಹೋಗಬೇಡಿ. ಮುಂದಿನ ಮೆಟ್ಟಿಲು ನೋಡಿ.

ಕೆರ್ಬೆರೋಸ್‌ನಲ್ಲಿ ಎರಡು ಮಷೀನಿನ ಗಡಿಯಾರಗಳ ನಡುವೆ ಸಾಮಾನ್ಯವಾಗಿ 5 ನಿಮಿಷದ ಅಂತರ ನಡೆಯುತ್ತದೆ. ಅದಕ್ಕಿಂತ ಜಾಸ್ತಿಯಾದರೆ ಕದ್ದ ಸಂದೇಶವನ್ನು ಯಾರೋ ಮತ್ತೆ ಕಳಿಸುತ್ತಿರಬಹುದು ಎಂದು ತಿರಸ್ಕರಿಸುತ್ತದೆ. ಸಾಂಬಾ ಲಾಗ್‌ನಲ್ಲಿ ‘ಕ್ಲಾಕ್ ಸ್ಕ್ಯೂ ಟೂ ಗ್ರೇಟ್’ ಎಂಬ ಸಾಲು ಕಂಡರೆ ಇದೇ.

ಗಡಿಯಾರ ನೋಡಲು ಸರ್ವರ್ ಕೋಣೆಗೆ ಓಡಬೇಕಾಗಿಲ್ಲ. ಡೊಮೇನ್ ಕಂಟ್ರೋಲರ್‌ಗೆ ‘ಎಲ್‌ಡಿಎಪಿ ಸರ್ಚ್’ನಿಂದ ಪಾಸ್‌ವರ್ಡ್ ಇಲ್ಲದೆ ರೂಟ್ ಡಿಎಸ್‌ಇ ಕೇಳಿ. ಎಲ್‌ಡಿಎಪಿ ಮೂರನೇ ಆವೃತ್ತಿಯಲ್ಲಿ ಸರ್ವರ್ ತನ್ನ ಪರಿಚಯ ಹೇಳಿಕೊಳ್ಳುವ ಜಾಗ ಅದು. ಆಕ್ಟಿವ್ ಡೈರೆಕ್ಟರಿ ಅಲ್ಲಿ ‘ಕರೆಂಟ್ ಟೈಮ್’ ಎಂದು ತನ್ನ ಗಡಿಯಾರವನ್ನೂ ತೋರಿಸುತ್ತದೆ. ಆ ಸಮಯ ಯುಟಿಸಿಯಲ್ಲಿ (ಜಗತ್ತಿಗೆಲ್ಲ ಒಂದೇ ಆದ ಸಮಯ) ಇರುತ್ತದೆ, ನಮ್ಮ ಸಮಯ ಬೇಕಾದರೆ ಅದಕ್ಕೆ 5:30 ಗಂಟೆ ಕೂಡಿಸಿಕೊಳ್ಳಿ. ಲಿನಕ್ಸ್ ಡಬ್ಬದಲ್ಲಿ ‘ಟೈಮ್‌ಡೇಟ್‌ಸಿಟಿಎಲ್’ ಕೊಟ್ಟರೆ ಸ್ಥಳೀಯ ಸಮಯ, ಯುಟಿಸಿ, ಆರ್‌ಟಿಸಿ (ಮದರ್‌ಬೋರ್ಡಿನ ಗಡಿಯಾರ) ಮೂರೂ ಬರುತ್ತವೆ. ಹೋಲಿಸಬೇಕಾದ್ದು ಯುಟಿಸಿ ಸಾಲನ್ನು. ಟೈಮ್ ಝೋನ್ ತಪ್ಪಾಗಿದ್ದರೆ ಪರದೆಯ ಮೇಲಿನ ಗಡಿಯಾರ ಗೋಡೆಯ ಗಡಿಯಾರಕ್ಕೆ ಸರಿಯಾಗಿ ಕಂಡರೂ ಯುಟಿಸಿ ತಪ್ಪಿರುತ್ತದೆ.

ಅಂತರ ಎಷ್ಟು ಎಂಬುದೇ ಕಾರಣ ಹೇಳುತ್ತದೆ. ಕೆಲವು ನಿಮಿಷ ಇದ್ದರೆ ಬಹಳ ದಿನದಿಂದ ಎನ್‌ಟಿಪಿ ಸಿಗುತ್ತಿಲ್ಲ ಎಂದರ್ಥ. ವರ್ಷಗಟ್ಟಲೆ ಹಿಂದೆ ಇದ್ದರೆ ಮದರ್‌ಬೋರ್ಡಿನ ನಾಣ್ಯದಂಥ ಸಿಆರ್2032 ಬ್ಯಾಟರಿ ಸತ್ತಿದೆ. ಸರಿಯಾಗಿ 5:30 ಗಂಟೆ ಇದ್ದರೆ ಮನುಷ್ಯನ ಕೈ ಆಡಿದೆ. ನರಸಾಪುರದಲ್ಲಿ ಲಿನಕ್ಸ್ ಡಬ್ಬ ನಿಖರವಾಗಿ 5:30 ಗಂಟೆ ಮುಂದಿತ್ತು. ಬ್ಯಾಟರಿ ಬದಲಾಯಿಸಿದವರು ಗೋಡೆಯ ಗಡಿಯಾರ ನೋಡಿ ಬಯೋಸ್‌ನಲ್ಲಿ ಸಮಯ ಹಾಕಿದ್ದರು. ವಿಂಡೋಸ್ ಆರ್‌ಟಿಸಿಯನ್ನು ಸ್ಥಳೀಯ ಸಮಯ ಎಂದು ಓದುತ್ತದೆ, ಲಿನಕ್ಸ್ ಅದನ್ನೇ ಯುಟಿಸಿ ಎಂದು ಓದುತ್ತದೆ. ವಿಂಡೋಸ್ ಮಷೀನಿಗೆ ಅದು ಸರಿಯಾದ ಕೆಲಸವೇ. ಎನ್‌ಟಿಪಿ ಸಿಕ್ಕಿದ್ದರೆ ತಾನಾಗಿಯೇ ಸರಿಹೋಗುತ್ತಿತ್ತು, ಆದರೆ ಹೊಸ ರೂಟರ್ ಯುಡಿಪಿ 123 ಪೋರ್ಟನ್ನು ಬಿಡುತ್ತಿರಲಿಲ್ಲ. ಲಿನಕ್ಸ್‌ನಲ್ಲಿ ಎನ್‌ಟಿಪಿ ನೋಡಿಕೊಳ್ಳುವ ಕ್ರೋನಿಗೆ ‘ಕ್ರೋನಿಸಿ ಸೋರ್ಸಸ್’ ಕೊಟ್ಟಾಗ ರೀಚ್ ಎಂಬಲ್ಲಿ ಸೊನ್ನೆ. ಆರೋಗ್ಯವಾಗಿದ್ದರೆ ಅಲ್ಲಿ 377 ಇರುತ್ತದೆ. ಅಷ್ಟಮಾನ ಸಂಖ್ಯೆ ಅದು, ಹಿಂದಿನ ಎಂಟೂ ಪ್ರಶ್ನೆಗೆ ಉತ್ತರ ಬಂದಿದೆ ಎಂದರ್ಥ.

ಈಗ ಊಟದ ವಿಷಯ. ಗಡಿಯಾರ ಕೆಟ್ಟರೆ ಎಲ್ಲರಿಗೂ ಕೆಡಬೇಕಲ್ಲ, ಸ್ಟೋರ್ಸ್‌ನವರಿಗೆ ಬೆಳಿಗ್ಗೆ ಹೇಗೆ ತೆರೆಯಿತು? ವಿಂಡೋಸ್ ಕ್ಲೈಂಟ್‌ಗೆ ‘ಗಡಿಯಾರ ಹೊಂದುತ್ತಿಲ್ಲ’ ಎಂದು ಉತ್ತರ ಬಂದರೆ ಅದು ಅಂತರ ಸರಿಹೊಂದಿಸಿಕೊಂಡು ಮತ್ತೊಮ್ಮೆ ಪ್ರಯತ್ನಿಸಬಲ್ಲದು. ಆದರೆ ಟಿಕೆಟ್‌ನಲ್ಲಿ ಬರೆದ ಅವಧಿಯನ್ನು ಅದು ತಿದ್ದಲಾರದು. ಡೊಮೇನ್‌ನಲ್ಲಿ ಟಿಕೆಟ್ ಆಯಸ್ಸು ಸಾಮಾನ್ಯವಾಗಿ 10 ಗಂಟೆ. ಬೆಳಿಗ್ಗೆ 9ಕ್ಕೆ ಪಡೆದ ಟಿಕೆಟ್ ಸಂಜೆ 7ಕ್ಕೆ ಮುಗಿಯಬೇಕು. 5:30 ಗಂಟೆ ಮುಂದೆ ಓಡುವ ಡಬ್ಬಕ್ಕೆ ಮಧ್ಯಾಹ್ನ 1:30ಕ್ಕೇ ಸಂಜೆ 7 ಆಗಿರುತ್ತದೆ. ಊಟಕ್ಕೆ ಎದ್ದು ಬಂದು ಫೋಲ್ಡರ್ ಮತ್ತೆ ತೆರೆಯುವಷ್ಟರಲ್ಲಿ ಟಿಕೆಟ್ ಸತ್ತಿತ್ತು. ಇದನ್ನು ನೋಡಿದರೆ ದೂರು ಹೇಳುವವರ ಮಾತಿನಲ್ಲಿ ಹೊತ್ತು ಎಷ್ಟು ಮುಖ್ಯ ಎಂದು ಗೊತ್ತಾಗುತ್ತದೆ.

ಸರಿಮಾಡುವಾಗ ಜೋಪಾನ. ಕ್ರೋನಿಗೆ ಮೂಲ ತೋರಿಸಿ ಸುಮ್ನೆ ಬಿಟ್ಟರೆ, ಶುರುವಿನ ಕೆಲವು ಅಳತೆಗಳು ದಾಟಿದ ಮೇಲೆ ಅದು ಗಡಿಯಾರವನ್ನು ಹಾರಿಸುವುದಿಲ್ಲ, ನಿಧಾನವಾಗಿ ಎಳೆಯುತ್ತದೆ. ಅದರ ಗರಿಷ್ಠ ವೇಗ 12 ಸೆಕೆಂಡಿಗೆ 1 ಸೆಕೆಂಡ್. 5:30 ಗಂಟೆ ಎಳೆಯಲು 66 ಗಂಟೆ ಬೇಕು! ಸಾಂಬಾ, ಬ್ಯಾಕಪ್, ಕ್ರಾನ್ (ಹೊತ್ತು ನೋಡಿ ತಾನಾಗಿ ಓಡುವ ಕೆಲಸಗಳು) ನಿಲ್ಲಿಸಿ, ‘ಮೇಕ್‌ಸ್ಟೆಪ್’ ಕೊಟ್ಟು ಒಂದೇ ಏಟಿಗೆ ಸರಿಮಾಡಿ. ಆಮೇಲೆ ‘ಎಚ್‌ಡಬ್ಲ್ಯೂಕ್ಲಾಕ್’ನಿಂದ ಸರಿಯಾದ ಸಮಯವನ್ನು ಆರ್‌ಟಿಸಿಗೆ ಬರೆಯಿರಿ. ಅಷ್ಟು ದಿನ ಉಳಿಸಿದ ಫೈಲ್‌ಗಳ ಮೇಲೆ ಮುಂದಿನ ಸಮಯ ಬಿದ್ದಿರುತ್ತದೆ. ಸಮಯ ನೋಡಿ ಬ್ಯಾಕಪ್ ಮಾಡುವ ಪದ್ಧತಿ ಇದ್ದರೆ ಒಮ್ಮೆ ಪೂರ್ತಿ ಬ್ಯಾಕಪ್ ತೆಗೆಯಿರಿ.

ಯಾರು ಯಾರಿಂದ ಸಮಯ ಪಡೆಯಬೇಕು ಎಂಬುದನ್ನೂ ಗಟ್ಟಿಮಾಡಿಕೊಳ್ಳಿ. ಡೊಮೇನ್ ಕಂಟ್ರೋಲರ್ ಹೊರಗಿನಿಂದ ಪಡೆಯಲಿ, ಉಳಿದವರೆಲ್ಲ ಅದರಿಂದ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಲ್ಲಿ ಎನ್‌ಐಸಿ (ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ) ಅಥವಾ ನವದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದ ಎನ್‌ಟಿಪಿ ಸರ್ವರ್‌ಗೆ ಹೊಂದಿಸಿಕೊಳ್ಳಿ ಎಂದಿದೆ. ವಿಂಡೋಸ್ ಸರ್ವರ್‌ನಲ್ಲಿ ‘ಡಬ್ಲ್ಯೂ32ಟಿಎಂ’ಗೆ ಮೂಲ ಯಾವುದು ಎಂದು ಕೇಳಿದಾಗ ‘ಲೋಕಲ್ ಸಿಮಾಸ್ ಕ್ಲಾಕ್’ ಎಂದು ಬಂದರೆ ಅದು ಯಾರನ್ನೂ ಕೇಳದೆ ತನ್ನಷ್ಟಕ್ಕೆ ಓಡುತ್ತಿದೆ. ಡಿಎಚ್‌ಸಿಪಿಯ 42ನೇ ಆಪ್ಷನ್‌ನಲ್ಲಿ ಎನ್‌ಟಿಪಿ ವಿಳಾಸ ಹಂಚಬಹುದು, ಆದರೆ ವಿಂಡೋಸ್ ಕ್ಲೈಂಟ್ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಟಿಕೆಟ್, ಡೈರೆಕ್ಟರಿ

ಇಲ್ಲಿವರೆಗೆ ಸರಿಯಾಗಿದ್ದರೆ ಇವೆರಡು ಬೇಗ ಮುಗಿಯುತ್ತವೆ. ಲಿನಕ್ಸ್‌ನಲ್ಲಿ ‘ಕೆಇನಿಟ್’ ಕೊಟ್ಟು ಟಿಕೆಟ್ ಪಡೆಯಿರಿ. ಡೊಮೇನ್ ಭಾಗವನ್ನು ದೊಡ್ಡಕ್ಷರದಲ್ಲೇ ಬರೆಯಬೇಕು. ಫೋಲ್ಡರ್ ತೆರೆದ ಮೇಲೆ ‘ಕೆಲಿಸ್ಟ್’ ನೋಡಿ. ಫೈಲ್ ಸರ್ವರ್ ಹೆಸರಿಗೆ ಮೊದಲು ‘ಸಿಐಎಫ್‌ಎಸ್’ ಎಂದು ಇರುವ ಟಿಕೆಟ್ ಪಟ್ಟಿಯಲ್ಲಿದ್ದರೆ ಕೆರ್ಬೆರೋಸ್ ದಾರಿ ಸರಿ ಇದೆ.

ಎಲ್‌ಡಿಎಪಿಯಲ್ಲಿ ದೋಷದ ಅಂಕಿ ಓದಿ, ಮಾತನ್ನಲ್ಲ. 8 ಬಂದರೆ ಪಾಸ್‌ವರ್ಡ್ ತಪ್ಪಲ್ಲ, ಬಿಚ್ಚಿಟ್ಟ ದಾರಿಯಲ್ಲಿ ಕಳಿಸಬೇಡ ಎನ್ನುತ್ತಿದೆ. ಟಿಎಲ್‌ಎಸ್ (ಗೂಢಲಿಪಿಯ ದಾರಿ) ಅಥವಾ ಸಹಿ ಬೇಕು. 49 ಬಂದರೆ ಗುರುತು ಒಪ್ಪಲಿಲ್ಲ. ಮಾನದಂಡ ಹೇಳುವುದು ಅಷ್ಟೇ. ಮೈಕ್ರೋಸಾಫ್ಟ್ ಅದರ ಪಕ್ಕದಲ್ಲಿ ತನ್ನದೊಂದು ಸಂಕೇತ ಸೇರಿಸುತ್ತದೆ: 52ಇ ಅಂದರೆ ಪಾಸ್‌ವರ್ಡ್ ತಪ್ಪು, 532 ಅಂದರೆ ಪಾಸ್‌ವರ್ಡ್ ಅವಧಿ ಮುಗಿದಿದೆ, 775 ಅಂದರೆ ಖಾತೆ ಲಾಕ್ ಆಗಿದೆ. ಮಾನದಂಡದ ಆಚೆಗಿನ ಇಂಥ ಸೇರ್ಪಡೆಗಳು ಎಲ್ಲವೂ ಕಾಟ ಕೊಡುವುದಿಲ್ಲ. ಇದಂತೂ ಬಹಳ ಉಪಕಾರಿ.

ಕೊನೆಗೆ ಫೈಲ್

ಎಸ್‌ಎಂಬಿ (ಫೈಲ್ ಹಂಚಲು ವಿಂಡೋಸ್, ಸಾಂಬಾ ಆಡುವ ಭಾಷೆ) ಮೇಲಿನವುಗಳ ಹಾಗೆ ಆರ್‌ಎಫ್‌ಸಿಯಿಂದ ಹುಟ್ಟಿದ್ದಲ್ಲ. ಆಂಡ್ರ್ಯೂ ಟ್ರಿಡ್ಜೆಲ್ 1992ರಲ್ಲಿ ಸಾಂಬಾ ಶುರು ಮಾಡಿದಾಗ ತಂತಿಯ ಮೇಲೆ ಹೋಗುವ ಸಂದೇಶ ನೋಡಿ ನೋಡಿಯೇ ಬರೆಯಬೇಕಾಗಿತ್ತು. ಯುರೋಪಿಯನ್ ಕಮಿಷನ್ 2004ರಲ್ಲಿ ಮೈಕ್ರೋಸಾಫ್ಟ್ ವಿರುದ್ಧ ಕೊಟ್ಟ ಆದೇಶದ ನಂತರ ವಿವರಗಳು ಹೊರಬಂದವು. ಸಾಂಬಾ ತಾನೇ ಡೊಮೇನ್ ಕಂಟ್ರೋಲರ್ ಆಗಿ ನಿಲ್ಲುವಷ್ಟಾದದ್ದು 2012ರ ಡಿಸೆಂಬರ್‌ನ 4.0 ಆವೃತ್ತಿಯಲ್ಲಿ.

ಎಲ್ಲ ಸರಿಹೋದ ಮೇಲೂ ಸ್ಕ್ಯಾನರ್ ಮಾತ್ರ ಫೋಲ್ಡರ್‌ಗೆ ಕಳಿಸುತ್ತಿಲ್ಲ ಎಂದರೆ ಅದಕ್ಕೆ ಗೊತ್ತಿರುವುದು ಎಸ್‌ಎಂಬಿಯ ಮೊದಲ ಆವೃತ್ತಿ ಮಾತ್ರ ಇರಬೇಕು. 2019ರ ಸಾಂಬಾ 4.11ರಿಂದ ಅದು ಮೊದಲಿಂದಲೇ ಆಫ್. ಸ್ಕ್ಯಾನರ್ ಒಂದಕ್ಕಾಗಿ ಅದನ್ನು ಆನ್ ಮಾಡಬೇಡಿ. 2017ರಲ್ಲಿ ವನ್ನಾಕ್ರೈ ಎಂಬ ಸುಲಿಗೆ ವೈರಸ್ ಹರಡಿದ್ದು ವಿಂಡೋಸ್‌ನ ಆ ಆವೃತ್ತಿಯ ಬಾಗಿಲಿನಿಂದಲೇ. ಸ್ಕ್ಯಾನರ್ ಇಮೇಲ್‌ಗೆ ಕಳಿಸುವ ಹಾಗಿದ್ದರೆ ಹಾಗೆ ಮಾಡಿ. ಇಲ್ಲದಿದ್ದರೆ ಬೇರೆ ಒಂದು ಚಿಕ್ಕ ಮಷೀನಿನಲ್ಲಿ ಎಫ್‌ಟಿಪಿ ಇಟ್ಟು, ಅಲ್ಲಿಂದ ಫೈಲನ್ನು ಒಳಗೆ ಎಳೆದುಕೊಳ್ಳಿ.

ಕನ್ನಡದಲ್ಲಿ ಫೈಲಿಗೆ ಹೆಸರಿಡುವವರಿಗೆ ಇನ್ನೊಂದು ದೋಷ ಕಾಣಿಸುತ್ತದೆ. ವಿಂಡೋಸ್‌ನಲ್ಲಿ ಚೆನ್ನಾಗಿದ್ದ ಫೈಲ್ ಲಿನಕ್ಸ್ ಹಂಚಿಕೆಗೆ ಕಾಪಿ ಆಗುವುದಿಲ್ಲ. ಇಂಗ್ಲಿಷ್ ಹೆಸರಿನದು ಆಗುತ್ತದೆ. ವಿಂಡೋಸ್‌ನ ಫೈಲ್ ವ್ಯವಸ್ಥೆ ಎನ್‌ಟಿಎಫ್‌ಎಸ್ ಹೆಸರಿನ ಮಿತಿಯನ್ನು 255 ಯುಟಿಎಫ್-16 ಘಟಕಗಳಲ್ಲಿ ಎಣಿಸುತ್ತದೆ, ಲಿನಕ್ಸ್‌ನ ಇಎಕ್ಸ್‌ಟಿ4 ಅದನ್ನೇ 255 ಬೈಟ್‌ಗಳಲ್ಲಿ ಎಣಿಸುತ್ತದೆ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್. ಹಾಗಾಗಿ 85 ಸಂಕೇತಕ್ಕೇ ಮುಗಿಯಿತು. ಒತ್ತಕ್ಷರ, ಸ್ವರಚಿಹ್ನೆ ಎಲ್ಲ ಬೇರೆ ಬೇರೆ ಎಣಿಕೆ. ‘ಲಕ್ಷ್ಮೀ’ಯಲ್ಲಿನ ‘ಕ್ಷ್ಮೀ’ ಒಂದೇ ಅಕ್ಷರದ ಹಾಗೆ ಕಂಡರೂ 18 ಬೈಟ್ ನುಂಗುತ್ತದೆ. ‘ಮಾಲೂರು ಗೋದಾಮಿನ ಮಾರ್ಚ್ ತಿಂಗಳ ದಾಸ್ತಾನು ಪರಿಶೀಲನೆ’ ಎಂದು ಶುರುವಾಗಿ ತಾರೀಖು, ತಯಾರಿಸಿದವರ ಹೆಸರು, ‘ಅಂತಿಮ’, ‘ಅಂತಿಮ ತಿದ್ದಿದ್ದು’ ಎಂದೆಲ್ಲ ಬಾಲ ಬೆಳೆಸಿದರೆ ಮಿತಿ ದಾಟಿಹೋಗುತ್ತದೆ. ಹೆಸರು ಗಿಡ್ಡ ಮಾಡಿ, ತಾರೀಖನ್ನು ಅಂಕಿಯಲ್ಲಿ ಬರೆಯಿರಿ. ಕಾಪಿ ಆಗುತ್ತದೆ.